ಬೀಟ್‌ರೂಟಿನ ಕೆಂಪು

ಆ ಬೀದಿಯ ತರಕಾರಿ ಅಂಗಡಿಯವಳಿಗೆ ಎರಡು ಹೆಸರು. ಹೆತ್ತವರು ಇಟ್ಟ ಹೆಸರು ಕಟ್ಟಿಕೊಂಡ ಗಂಡನಿಗೇ ಮರೆತುಹೋಗಿರಬೇಕು. ‘ಏ, ಇಲ್ ಕೇಳು’ ಎನ್ನುತ್ತಲೇ ಅವನು ಇಪ್ಪತ್ತೆಂಟು ವರ್ಷದ ಸಂಸಾರ ನಡೆಸಿದ್ದಾನೆ. ಇನ್ನೊಂದು ಹೆಸರು ಬೀದಿಯವರು ಇಟ್ಟದ್ದು, ಡಾಕ್ಟ್ರಕ್ಕ ಅಂತ. ಹಾಗೆ ಕರೆದಾಗಲೆಲ್ಲ ಮೊದಮೊದಲು ಅವಳು ‘ಅಯ್ಯೋ, ಸಾಕು ಸುಮ್ನಿರಿ’ ಎನ್ನುತ್ತಿದ್ದಳು. ಆ ದನಿಯೊಳಗೆ ಇನ್ನೊಂದು ಸಲ ಕರೆಯಲಿ ಎಂಬ ಆಸೆ ಇತ್ತೆಂಬುದು ಬೀದಿಗೆಲ್ಲ ಗೊತ್ತಿದ್ದ ಗುಟ್ಟು. ಈಗ ಯಾರಾದರೂ ಬಾಯಿತಪ್ಪಿ ಹಾಗೆ ಕರೆದರೆ ಅವಳ ಮುಖ ಸಣ್ಣಗಾಗುತ್ತದೆ. ಯಾಕೆ ಅಂತ ಕೇಳಿದವರಿಗೆ ಅವಳೇ ಕಥೆ ಹೇಳುತ್ತಾಳೆ. ಅವಳೇ ಹೇಳುವುದರಿಂದ ನಾನು ಹೇಳಿದರೂ ತಪ್ಪಿಲ್ಲ ಅಂದುಕೊಂಡಿದ್ದೇನೆ.

ಅಂಗಡಿ ಎಂದರೆ ಮೂಲೆಮನೆಯ ಮುಂದಿನ ಕೋಣೆ. ಬೀದಿಗೆ ಮೂರು ಮೆಟ್ಟಿಲು, ಒಳಗೆ ಓರೆಯಾಗಿ ಜೋಡಿಸಿದ ಹಲಗೆಗಳು, ಹಲಗೆಗಳ ಮೇಲೆ ಒದ್ದೆ ಗೋಣಿ, ಗೋಣಿಯ ಮೇಲೆ ತರಕಾರಿ. ಸೂರಿನ ಕೊಕ್ಕೆಯಿಂದ ಒಂದು ಹಳೆಯ ತಕ್ಕಡಿ ಇಳಿಬಿದ್ದಿತ್ತು. ನಸುಕಿನಲ್ಲಿ ಸಗಟು ಮಂಡಿಗೆ ಹೋಗಿ ಮೂಟೆ ತರುವುದು ಗಂಡನ ಕೆಲಸ; ತಂದದ್ದನ್ನು ಆರಿಸಿ, ಕೊಳೆತದ್ದು ತೆಗೆದು, ನೀರು ಚಿಮುಕಿಸಿ, ಮಾರುವುದು ಅವಳದು. ಈ ಕಸುಬನ್ನು ಅವಳಿಗೆ ಕಲಿಸಿದ್ದು ಅತ್ತೆ. ಗಿರಾಕಿ ಬಾಯಿ ತೆರೆಯುವ ಮೊದಲೇ ಅವನಿಗೆ ಬೇಕಾದದ್ದು ತಕ್ಕಡಿಯಲ್ಲಿರಬೇಕು, ಆಗಲೇ ಅವನು ಬೇರೆ ಅಂಗಡಿ ಹುಡುಕುವುದಿಲ್ಲ ಎಂಬುದು ಅತ್ತೆಯ ಪಾಠ. ಸೊಸೆ ಅದನ್ನು ಅತ್ತೆಗಿಂತ ಚೆನ್ನಾಗಿ ಕಲಿತಳು. ಮೊದಲನೇ ಮೆಟ್ಟಿಲ ಮೇಲೆ ಕಾಲಿಟ್ಟವರು ಯಾರೆಂದು ಚಪ್ಪಲಿಯ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಮೂರನೇ ಮೆಟ್ಟಿಲಿಗೆ ಬರುವಷ್ಟರಲ್ಲಿ ಮೇಷ್ಟ್ರಿಗೆ ಸೌತೆಕಾಯಿ, ಟೈಲರಿಗೆ ಬೀಟ್‌ರೂಟು, ಬೀಗ ರಿಪೇರಿಯವನಿಗೆ ಎಲೆಕೋಸು, ಹೀಗೆ ತೂಗಿ ಮುಗಿದಿರುತ್ತಿತ್ತು. ‘ನಮ್ಮ ಮನಸ್ಸಲ್ಲಿರೋದು ನಿಮಗೆ ಹೇಗೆ ಗೊತ್ತಾಗುತ್ತೆ’ ಎಂದು ಜನ ಹೊಗಳುತ್ತಿದ್ದರು. ಅವಳು ಉಬ್ಬಿಹೋಗುತ್ತಿದ್ದಳು.

ಎರಡು ವರ್ಷದ ಹಿಂದೆ ಆರೋಗ್ಯ ಕೇಂದ್ರದ ನರ್ಸು ಒಂದು ಉದ್ದನೆಯ ಬಣ್ಣದ ಪಟ್ಟಿ ತಂದು, ನಿಮ್ಮ ಅಂಗಡಿಗೆ ನೂರಾರು ಜನ ಬರುತ್ತಾರೆ, ಕಣ್ಣಿಗೆ ಬೀಳುವ ಕಡೆ ಹಾಕಿಕೊಳ್ಳಿ ಎಂದು ಕೊಟ್ಟುಹೋದಳು. ಕೆಂಪು, ಕಿತ್ತಳೆ, ಹಸಿರು, ನೇರಳೆ, ಬಿಳಿ ಎಂದು ತರಕಾರಿಗಳ ಚಿತ್ರ. ಪಕ್ಕದಲ್ಲಿ ಒಂದೊಂದು ಬಣ್ಣದೊಳಗೆ ಯಾವ ಯಾವ ಸತ್ವ ಇರುತ್ತದೆ, ಅವು ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಹೇಗೆ ತಗ್ಗಿಸಬಹುದು ಎಂಬ ವಿವರ. ಪಟ್ಟಿ ಗೋಡೆಗೆ ಸ್ವಲ್ಪ ಉದ್ದವಾಯಿತು. ಕೆಳಗಿನ ಅಂಚು ತಕ್ಕಡಿಯ ತಟ್ಟೆಗೆ ತಗಲುತ್ತಿತ್ತು. ಅವಳು ಕೆಳಗಿನ ನಾಲ್ಕು ಬೆರಳಷ್ಟನ್ನು ಹಿಂದಕ್ಕೆ ಮಡಚಿ ಮೊಳೆ ಹೊಡೆದಳು. ಅಲ್ಲಿ ಚಿತ್ರವಿರಲಿಲ್ಲ, ಸಣ್ಣ ಅಕ್ಷರವಿತ್ತು ಅಷ್ಟೆ.

ಅವತ್ತಿನಿಂದ ಶುರುವಾಯಿತು ನೋಡಿ ಅವಳ ಡಾಕ್ಟರಿಕೆ. ಪಟ್ಟಿಯನ್ನು ಅವಳು ಬಾಯಿಪಾಠ ಮಾಡಿದಳು. ಟೊಮೆಟೊ ಕೊಳ್ಳಲು ಬಂದವರಿಗೆ ಬೇಯಿಸಿ ತಿಂದರೆ ಅದರ ಕೆಂಪು ಮೈಗೆ ಹೆಚ್ಚು ಹತ್ತುತ್ತದೆ ಎನ್ನುವಳು. ಬೆಳ್ಳುಳ್ಳಿ ಕೊಳ್ಳುವವರಿಗೆ ಜಜ್ಜಿ ಸ್ವಲ್ಪ ಹೊತ್ತು ಬಿಡಿ ಎನ್ನುವಳು. ಎಲೆಕೋಸು ಬೇಡವೆಂದವರನ್ನು ಮೂರು ಮೆಟ್ಟಿಲು ಇಳಿಯುವವರೆಗೂ ಬಿಡುವವಳಲ್ಲ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಪಟ್ಟಿಯಲ್ಲಿ ಅಪಾಯ ತಗ್ಗಬಹುದು ಎಂದಿದ್ದದ್ದು ಅವಳ ಬಾಯಲ್ಲಿ ದಿನದಿಂದ ದಿನಕ್ಕೆ ಬೆಳೆದು, ಐದು ಬಣ್ಣ ತಿಂದವರ ಕರುಳಿನ ಹತ್ತಿರ ಆ ಕಾಯಿಲೆ ಸುಳಿಯುವುದೇ ಇಲ್ಲ ಎನ್ನುವಲ್ಲಿಗೆ ಬಂದು ನಿಂತಿತು. ಗಂಡ ಒಂದು ದಿನ ಮೂಟೆ ಇಳಿಸುತ್ತ, “ಇನ್ಮೇಲೆ ಬಿಳಿ ಕೋಟು ಹಾಕ್ಕೊಂಡೇ ಈರುಳ್ಳಿ ಮಾರು” ಎಂದ. ಅವಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಎದುರುಗಡೆ ಗಾಜಿನ ಬಾಗಿಲಿನ ಅಂಗಡಿ ಟೈಲರದು. ಐವತ್ತು ದಾಟಿದ ಮನುಷ್ಯ, ಕೊರಳಲ್ಲಿ ಅಳತೆ ಟೇಪು, ತುಟಿಯಲ್ಲಿ ಎರಡು ಗುಂಡುಸೂಜಿ. ಗುಂಡುಸೂಜಿ ಕಚ್ಚಿಕೊಂಡು ಕಚ್ಚಿಕೊಂಡೇ ಇರಬೇಕು, ಮಾತು ಬಹಳ ಕಮ್ಮಿ. ಅಳತೆ ತೆಗೆದುಕೊಳ್ಳುವಾಗಲೂ ಗಿರಾಕಿಯ ಸೊಂಟ ಎಷ್ಟು ಎಂದು ಜೋರಾಗಿ ಹೇಳುವವರಲ್ಲ. ದಪ್ಪಗಿದ್ದವರಿಗೆ ಮುಜುಗರವಾಗಬಾರದೆಂದು ಚೀಟಿಯ ಮೇಲೆ ಬರೆದು ತಿರುಗಿಸಿ ತೋರಿಸುತ್ತಿದ್ದರು. ಡಾಕ್ಟ್ರಕ್ಕನನ್ನು ‘ಅಕ್ಕ’ ಎನ್ನುತ್ತಿದ್ದರು. ಅವಳ ಪಾಠ ಕೇಳಿ ದಿನ ಬಿಟ್ಟು ದಿನ ಬೀಟ್‌ರೂಟು ಒಯ್ಯುತ್ತಿದ್ದರು.

ಒಂದು ಮಧ್ಯಾಹ್ನ ಬೀದಿ ಖಾಲಿಯಾಗಿದ್ದಾಗ ಟೈಲರು ಮೆಟ್ಟಿಲು ಹತ್ತಿ ಬಂದರು. ಬೀಟ್‌ರೂಟು ತಕ್ಕಡಿಗೆ ಬಿದ್ದಾಗಿತ್ತು. ಅವರು ಅದನ್ನು ತೆಗೆದುಕೊಳ್ಳದೆ ಹಿಂದೆ ತಿರುಗಿ ಬೀದಿ ನೋಡಿದರು, ಮತ್ತೆ ಒಳಗೆ ನೋಡಿದರು.

“ಅಕ್ಕ, ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು. ನಗಬಾರದು.”

ಆಮೇಲೆ ಕತ್ತು ಬಗ್ಗಿಸಿ, ಟೇಪಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ, ಬೆಳಿಗ್ಗೆ ಹೊರಗೆ ಹೋದಾಗ ಕೆಂಪಗೆ ಕಾಣುತ್ತದೆ, ರಕ್ತವೇನೋ ಎಂದು ಹೆದರಿಕೆಯಾಗಿದೆ ಎಂದರು. ಮನೆಯಲ್ಲಿ ಹೇಳಿಲ್ಲ ಎಂದೂ ಅಂದರು.

ಡಾಕ್ಟ್ರಕ್ಕ ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ರಕ್ತವೂ ಅಲ್ಲ ಏನೂ ಅಲ್ಲ ಮಹಾರಾಯರೇ, ಅದು ಬೀಟ್‌ರೂಟಿನ ಕೆಂಪು, ತಿಂದವರಿಗೆಲ್ಲ ಹಾಗೆ ಬರುತ್ತದೆ, ಒಳಗೆ ಹೋಗಿ ಕೆಲಸ ಮಾಡಿ ಹೊರಗೆ ಬರುವ ಬಣ್ಣ ಅದು, ಕಂಡರೆ ಖುಷಿಪಡಬೇಕು ಎಂದಳು. ಇದರಲ್ಲೂ ಸುಳ್ಳಿಲ್ಲ, ಬೀಟ್‌ರೂಟು ತಿಂದವರಿಗೆ ಹಾಗಾಗುವುದುಂಟು. ಟೈಲರ ಮುಖ ಅರಳಿತು. ಎದೆಯ ಮೇಲಿನ ಕಲ್ಲು ಇಳಿಯಿತು ಅಕ್ಕ ಎಂದು ಪೊಟ್ಟಣ ಹಿಡಿದು ಇಳಿದುಹೋದರು.

ಅಲ್ಲಿಗೆ ನಿಲ್ಲಿಸಿದ್ದರೆ ಅದು ತಿಳಿಯದೆ ಮಾಡಿದ ತಪ್ಪಾಗುತ್ತಿತ್ತು. ಸಂಜೆ ಅಂಗಡಿ ತುಂಬ ಜನ. ಯಾರೋ ಬೀಟ್‌ರೂಟು ಕೈಗೆತ್ತಿಕೊಂಡರು. ಡಾಕ್ಟ್ರಕ್ಕನ ನಾಲಿಗೆ ತುರಿಸಿತು. ಎದುರುಮನೆಯ ಮಹಾನುಭಾವರೊಬ್ಬರು ಇದನ್ನು ತಿಂದು ಪ್ರಾಣವೇ ಹೋಯಿತೆಂದು ಓಡಿಬಂದಿದ್ದರು ಎಂದು ಶುರುಮಾಡಿ, ಟೇಪು ಸುತ್ತಿದ ಬೆರಳನ್ನೂ ಬಿಡದೆ ಅಭಿನಯಿಸಿ ತೋರಿಸಿದಳು. ಹೆಸರು ಹೇಳಲಿಲ್ಲ ನಿಜ. ಟೇಪು ಇರುವ ಮನುಷ್ಯ ಆ ಬೀದಿಗೆ ಒಬ್ಬರೇ. ಅಂಗಡಿ ಬಿದ್ದು ಬಿದ್ದು ನಕ್ಕಿತು. ವಾರದೊಳಗೆ ಪ್ಯಾಂಟಿನ ಅಳತೆ ಕೊಡಲು ಹೋದವರೆಲ್ಲ ‘ಏನ್ ಟೈಲರೇ, ಬೀಟ್‌ರೂಟು ಹೇಗಿದೆ’ ಎಂದು ಕೇಳತೊಡಗಿದರು. ಟೈಲರು ತುಟಿಯಲ್ಲಿ ಗುಂಡುಸೂಜಿ ಇಟ್ಟುಕೊಂಡೇ ನಕ್ಕಂತೆ ಮಾಡುತ್ತಿದ್ದರು.

ಅದಾದ ಮೇಲೆ ಒಂಬತ್ತು ತಿಂಗಳು. ಟೈಲರು ಬರುತ್ತಿದ್ದರು. ಹತ್ತಿ ಬರುವಾಗ ಒಂದೊಂದು ದಿನ ಮೆಟ್ಟಿಲಲ್ಲೇ ಸ್ವಲ್ಪ ನಿಲ್ಲುತ್ತಿದ್ದರು. ಡಾಕ್ಟ್ರಕ್ಕ ಅಷ್ಟರಲ್ಲಿ ತೂಗಿ ಮುಗಿಸಿರುತ್ತಿದ್ದಳು. ಮುಖ ಬಿಳಿಚಿಕೊಳ್ಳುತ್ತಿದೆ ಎಂದು ಅವಳಿಗೂ ಅನ್ನಿಸಿತು. ‘ರಕ್ತ ಕಮ್ಮಿಯಾಗಿದೆ ಟೈಲರೇ, ಇದನ್ನ ಇನ್ನೊಂದು ಸ್ವಲ್ಪ ಜಾಸ್ತಿ ತಿನ್ನಿ’ ಎಂದು ಒಂದು ಬೀಟ್‌ರೂಟು ಮೇಲೆ ಹಾಕಿಕೊಟ್ಟಳು. ಅವರು ಅದನ್ನೂ ತೆಗೆದುಕೊಂಡು ಹೋದರು.

ಆಮೇಲೊಂದು ಬೆಳಿಗ್ಗೆ ಟೈಲರು ಕೋಟಿನ ಬಟ್ಟೆ ಕತ್ತರಿಸುತ್ತ ನಿಂತಲ್ಲೇ ಕುಸಿದರು. ಕತ್ತರಿ ತಾಗಿ ಗಾಜಿನ ಬಾಗಿಲು ಬಿರುಕು ಬಿಟ್ಟಿತು. ಮೊದಲು ಓಡಿದ್ದು ಡಾಕ್ಟ್ರಕ್ಕನ ಗಂಡ. ತರಕಾರಿ ಸಾಗಿಸುವ ಗಾಡಿಯಲ್ಲೇ ಅವರನ್ನು ಆಸ್ಪತ್ರೆಗೆ ಒಯ್ದ. ಮೂರು ದಿನದ ಮೇಲೆ ಸುದ್ದಿ ಬಂತು. ದೊಡ್ಡ ಕರುಳಿನಲ್ಲಿ ಗಡ್ಡೆ, ಕ್ಯಾನ್ಸರು. ತಿಂಗಳುಗಟ್ಟಲೆ ರಕ್ತ ಹೋಗಿ ಹೋಗಿ ಮೈಯಲ್ಲಿ ರಕ್ತವೇ ಇಲ್ಲ. ಪಕ್ಕದ ಗ್ರಂಥಿಗಳಿಗೂ ಹಬ್ಬಿದೆ, ಕರುಳು ಕತ್ತರಿಸಬೇಕು, ಆಮೇಲೆ ಔಷಧಿ. ಮುಂಚೆಯೇ ಬಂದಿದ್ದರೆ ಸುಲಭವಿತ್ತು ಎಂದರಂತೆ ಡಾಕ್ಟರು.

ಗಂಡ ಇದನ್ನೆಲ್ಲ ಚಹಾ ಲೋಟ ಹಿಡಿದುಕೊಂಡು ಹೇಳುತ್ತಿದ್ದಾಗ ಡಾಕ್ಟ್ರಕ್ಕ ಬೀನ್ಸ್ ಆರಿಸುತ್ತ ಕೂತಿದ್ದಳು. ತಿಂಗಳುಗಟ್ಟಲೆ ಎಂಬ ಮಾತು ಕಿವಿಗೆ ಬಿದ್ದಾಗ ಆರಿಸಿದ ಬೀನ್ಸನ್ನೇ ಮತ್ತೆ ಆರಿಸತೊಡಗಿದಳು. ಗಂಡ ಅತ್ತ ಹೋದ ಮೇಲೆ ಎದ್ದು, ಪಟ್ಟಿಯ ಕೆಳಗಿನ ಮೊಳೆ ಕಿತ್ತಳು. ಮಡಿಕೆ ಬಿಚ್ಚಿದಲ್ಲಿ ಕಾಗದ ಹೊಸದರಂತೆ ಬೆಳ್ಳಗಿತ್ತು. ಮೇಲಿನ ತರಕಾರಿಗಳು ಅಪಾಯವನ್ನು ತಗ್ಗಿಸಲು ನೆರವಾಗಬಹುದು, ಅವು ಚಿಕಿತ್ಸೆಯಲ್ಲ, ತಪಾಸಣೆಗೆ ಬದಲಿಯೂ ಅಲ್ಲ ಎಂದು ಮೊದಲ ಸಾಲು. ಬೀಟ್‌ರೂಟಿನಿಂದಲೂ ಮಲ ಕೆಂಪಾಗುತ್ತದೆ. ಬಿಟ್ಟು ಮೂರು ದಿನವಾದರೂ ಕೆಂಪು ಹೋಗದಿದ್ದರೆ ಅಥವಾ ರಕ್ತವೆಂದು ಸಂಶಯವಿದ್ದರೆ ನಾಚಿಕೊಳ್ಳದೆ, ತಡಮಾಡದೆ ಬನ್ನಿ ಎಂದು ಎರಡನೆಯ ಸಾಲು. ಕೆಳಗೆ ಆರೋಗ್ಯ ಕೇಂದ್ರದ ಸಮಯ. ತಕ್ಕಡಿಗೆ ತಗಲುತ್ತದೆಂದು ಅವಳೇ ಮಡಚಿದ್ದ ನಾಲ್ಕು ಬೆರಳು ಜಾಗ. ಅವಳಿಗೆ ನಿಂತಲ್ಲೇ ನೆಲದೊಳಗೆ ಇಳಿದುಹೋಗಬಾರದೇ ಅನ್ನಿಸಿತು. ಯಾರಾದರೂ ನೋಡಿಯಾರು ಎಂದು ಅದನ್ನು ಮತ್ತೆ ಮಡಚಿ ಮೊಳೆ ಹೊಡೆದಳು. ಹೌದು, ಮತ್ತೆ ಮಡಚಿದಳು. ನಾಚಿಕೆ ಮನುಷ್ಯರಿಂದ ಮಾಡಿಸುವ ಮೊದಲ ಕೆಲಸವೇ ಮುಚ್ಚುವುದು.

ಆಪರೇಷನ್ ಆಗಿ ಟೈಲರು ಮನೆಗೆ ಬಂದರು. ಹೊಟ್ಟೆಯ ಪಕ್ಕ ಒಂದು ಚೀಲ ಅಂಟಿಸಿದ್ದರು. ಇನ್ನು ಮೇಲೆ ಮಲ ಅದರೊಳಗೆ ಬೀಳಬೇಕು. ಇನ್ನೊಬ್ಬರ ಸೊಂಟದ ಅಳತೆಯನ್ನೂ ಗುಟ್ಟಾಗಿ ಇಡುತ್ತಿದ್ದ ಮನುಷ್ಯನಿಗೆ ಅದೆಂಥ ಕಷ್ಟವೋ. ಡಾಕ್ಟ್ರಕ್ಕ ನೋಡಲು ಹೋಗಲಿಲ್ಲ. ಗಂಡನ ಕೈಯಲ್ಲಿ ಕ್ಯಾರೆಟ್ಟು, ಕುಂಬಳಕಾಯಿ ಕಳಿಸಿದಳು, ತನಗೆ ಮಂಡಿನೋವು ಎಂದು ಹೇಳಿಸಿದಳು. ಮಂಡಿಗೆ ಏನೂ ಆಗಿರಲಿಲ್ಲ, ಕಲ್ಲಿನಂತೆ ಗಟ್ಟಿಯಾಗಿತ್ತು.

ಇಷ್ಟರಲ್ಲಿ ಟೈಲರ ಅಕ್ಕ ದೂರದಿಂದ ತಮ್ಮನ ಆರೈಕೆಗೆಂದು ಬಂದಿಳಿದಿದ್ದಳು. ಮನೆಯವರಿಗೆಲ್ಲ ದೊಡ್ಡಕ್ಕ. ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು. ಅವಳ ಸಂಕಟಕ್ಕೆ ಯಾರಾದರೂ ಒಬ್ಬರು ಸಿಗಬೇಕಿತ್ತು, ಸಿಕ್ಕಿದ್ದು ತಮ್ಮನ ಹೆಂಡತಿ. ನೀನು ಏನು ಬೇಯಿಸಿ ಹಾಕಿದೆ, ಬರೀ ಕರಿದದ್ದು ಹುರಿದದ್ದು ತಿನ್ನಿಸಿ ಕರುಳು ಸುಟ್ಟೆ, ಒಂದೇ ಮನೆಯಲ್ಲಿದ್ದು ಗಂಡನ ಮೈಯಲ್ಲಿ ರಕ್ತ ಹೋಗುವುದು ಕಾಣಲಿಲ್ಲವೇ ಎಂದು ಬೆಳಿಗ್ಗೆ ಸಂಜೆ ಅದೇ ಮಾತು. ಟೈಲರ ಹೆಂಡತಿ ಮೂರು ವಾರ ತಡೆದಳು. ನಾಲ್ಕನೇ ವಾರ ಅಂಗಡಿಯ ಮೆಟ್ಟಿಲು ಹತ್ತಿ ಬಂದು, ಡಾಕ್ಟ್ರಕ್ಕನ ಎರಡೂ ಕೈ ಹಿಡಿದುಕೊಂಡಳು.

“ಅಕ್ಕ, ನೀವೊಂದ್ಸಲ ಬಂದು ಹೇಳಿ. ದಿನಾ ನಿಮ್ಮ ಹತ್ರ ತರಕಾರಿ ತಗೊಂಡಿದ್ದೀವೋ ಇಲ್ವೋ. ನನ್ನ ಮಾತು ಯಾರೂ ನಂಬ್ತಿಲ್ಲ. ನೀವು ಹೇಳಿದ್ರೆ ನಂಬ್ತಾರೆ.”

ಆ ಕೈಗಳು ಪಾತ್ರೆ ತೊಳೆದು ಒರಟಾಗಿದ್ದವು. ಡಾಕ್ಟ್ರಕ್ಕನಿಗೆ ತನ್ನ ಕೈ ಬಿಡಿಸಿಕೊಳ್ಳಬೇಕೆನ್ನಿಸಿತು. ಬರಲ್ಲ ಎನ್ನಲು ಬಾಯಿ ಬರಲಿಲ್ಲ. ಹೋದಳು.

ಟೈಲರ ಮನೆ ಅಂಗಡಿಯ ಹಿಂದೆಯೇ. ಎರಡು ಕೋಣೆ, ನಡುವೆ ಪರದೆ. ಪರದೆಯಾಚೆ ಮಂಚ, ಟೈಲರು ಮಲಗಿದ್ದರೋ ಎದ್ದಿದ್ದರೋ ತಿಳಿಯಲಿಲ್ಲ. ದೊಡ್ಡಕ್ಕ ಕುರ್ಚಿಯ ಮೇಲೆ ನೆಟ್ಟಗೆ ಕೂತಿದ್ದಳು. ಡಾಕ್ಟ್ರಕ್ಕ ಸಾಕ್ಷಿ ಹೇಳಿದಳು. ದಿನ ಬಿಟ್ಟು ದಿನ ಬೀಟ್‌ರೂಟು, ವಾರಕ್ಕೆ ಎರಡು ಸಲ ಸೊಪ್ಪು, ಕ್ಯಾರೆಟ್ಟು, ಎಲೆಕೋಸು, ಈ ಬೀದಿಯಲ್ಲಿ ಇಷ್ಟು ತರಕಾರಿ ತಿನ್ನುವ ಮನೆ ಇನ್ನೊಂದಿಲ್ಲ ಎಂದಳು. ಪಟ್ಟಿಯ ಮಡಿಕೆಯಲ್ಲಿ ಓದಿದ್ದನ್ನೂ ಹೇಳಿದಳು: ತಿಂದರೆ ಅಪಾಯ ಕಮ್ಮಿ ಎಂದಷ್ಟೇ ಹೊರತು ಬರುವುದೇ ಇಲ್ಲ ಎಂದೇನಿಲ್ಲ, ಯಾರಿಗೆ ಯಾಕೆ ಬಂತೆಂದು ಒಂದು ಒಲೆಯ ಕಡೆ ಬೆರಳು ತೋರಿಸಲಾಗುವುದಿಲ್ಲ. ಇಷ್ಟು ದಿನ ತಾನೇ ಸಾರಿದ್ದಕ್ಕೆ ಇದು ಪೂರ್ತಿ ಉಲ್ಟಾ ಎಂಬುದು ಹೇಳುತ್ತಿರುವಾಗಲೇ ಅವಳಿಗೆ ಗೊತ್ತಿತ್ತು.

ದೊಡ್ಡಕ್ಕ ಮೆತ್ತಗಾದಳು. ಆದರೆ ಸೋಲಲಿಲ್ಲ. ಊಟದ್ದು ಹೋಗಲಿ, ರಕ್ತ ಕಾಣಲಿಲ್ಲವೇ, ಅದಕ್ಕೇನು ಹೇಳುತ್ತೀ ಎಂದು ತಮ್ಮನ ಹೆಂಡತಿಯ ಕಡೆ ತಿರುಗಿದಳು. ಟೈಲರ ಹೆಂಡತಿ ತಲೆ ತಗ್ಗಿಸಿ, ಅವರು ನನಗೆ ಹೇಳಲೇ ಇಲ್ಲ ಎಂದಳು. ಗಂಡ ಹೆಂಡತಿಗೆ ಹೇಳದೆ ಇನ್ಯಾರಿಗೆ ಹೇಳುತ್ತಾನೆ ಎಂದಳು ದೊಡ್ಡಕ್ಕ.

ಆ ಪ್ರಶ್ನೆಗೆ ಉತ್ತರ ಆ ಕೋಣೆಯಲ್ಲೇ, ಸ್ಟೂಲಿನ ಮೇಲೆ, ಚಹಾ ಲೋಟ ಹಿಡಿದು ಕೂತಿತ್ತು. ನಾಲಿಗೆಯ ತುದಿಗೆ ಬಂದದ್ದು ಚಹಾದ ಜೊತೆ ಒಳಗೆ ಹೋಯಿತು. ಅಂಗಡಿಯಲ್ಲಿ ಗಂಡ ಒಬ್ಬನೇ ಇದ್ದಾನೆ ಎಂದು ಗೊಣಗಿ ಡಾಕ್ಟ್ರಕ್ಕ ಎದ್ದಳು. ಟೈಲರ ಹೆಂಡತಿ ಬಾಗಿಲವರೆಗೂ ಬಂದು, ನಿಮ್ಮ ಉಪಕಾರ ಮರೆಯುವುದಿಲ್ಲ ಅಕ್ಕ ಎಂದು ಕಣ್ಣೊರೆಸಿಕೊಂಡಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಉಪಕಾರ ಎಂಬ ಮಾತು ಮಾತ್ರ ಒಂದು ವಾರ ಅವಳಿಗೆ ಅನ್ನ ಸೇರಗೊಡಲಿಲ್ಲ. ಜನ ಡಾಕ್ಟ್ರಕ್ಕ ಎಂದು ಕರೆದಾಗಲೆಲ್ಲ ಯಾರೋ ಬೆನ್ನ ಮೇಲೆ ಗುದ್ದಿದಂತಾಗುತ್ತಿತ್ತು. ಗಂಡ, ಹುಷಾರಿಲ್ಲವೇ ಎಂದು ಕೇಳಿದರೆ ಅವನ ಮೇಲೇ ಹರಿಹಾಯ್ದಳು.

ಎಂಟನೇ ದಿನ ಟೈಲರ ಹೆಂಡತಿ ಮತ್ತೆ ಬಂದಳು. ಕೈಯಲ್ಲಿ ಒಂದು ಹಳೆಯ ಬಟ್ಟೆಚೀಲ. ಹೊಲಿಗೆ ಅಂಗಡಿ ಗುಡಿಸೋಣವೆಂದು ಹೋಗಿದ್ದೆ, ಕತ್ತರಿಸುವ ಮೇಜಿನ ಕೆಳಗಿನ ಖಾನೆಯಲ್ಲಿ ಇದು ಸಿಕ್ಕಿತು, ನೋಡಿ ಇವರ ಹುಚ್ಚು ಎಂದು ಚೀಲವನ್ನು ತಕ್ಕಡಿಯ ಪಕ್ಕ ಬಗ್ಗಿಸಿದಳು. ಬೀಟ್‌ರೂಟುಗಳು. ಒಣಗಿ, ಸುಕ್ಕುಗಟ್ಟಿ, ಕೆಲವು ಹೊಟ್ಟೆಯಲ್ಲೇ ಟೊಳ್ಳಾಗಿ, ಮುಷ್ಟಿಯಷ್ಟಿದ್ದವು ನಿಂಬೆಯಷ್ಟಾಗಿದ್ದವು. ಒಂದಕ್ಕೆ ಗುಂಡುಸೂಜಿ ಚುಚ್ಚಿಕೊಂಡಿತ್ತು.

“ತಗೊಂಡು ಬಂದು ತಿನ್ನದೆ ಯಾಕೆ ಬಚ್ಚಿಟ್ರು, ಅಕ್ಕ? ಬೇಡ್ದಿದ್ರೆ ಯಾಕೆ ಕೊಳ್ತಿದ್ರು?” ಎಂದು ಕೇಳಿದಳು. ನಿಜವಾಗಿಯೂ ಅವಳಿಗೆ ತಿಳಿದಿರಲಿಲ್ಲ.

ಡಾಕ್ಟ್ರಕ್ಕನಿಗೆ ತಿಳಿಯಿತು. ಟೈಲರು ತಿನ್ನುವುದನ್ನು ಬಿಟ್ಟು ನೋಡಿದ್ದರು. ಬಿಟ್ಟರೂ ಕೆಂಪು ನಿಂತಿರಲಿಲ್ಲ. ಅದನ್ನು ಹೇಳಲು ಬಂದಿದ್ದರು. ಮೆಟ್ಟಿಲಲ್ಲಿ ನಿಂತು, ಒಳಗೆ ಜನರಿದ್ದಾರೋ ಎಂದು ನೋಡಿ, ಬಾಯಿ ತೆರೆಯುವಷ್ಟರಲ್ಲಿ ಪೊಟ್ಟಣ ಕೈಗೆ ಬಂದಿರುತ್ತಿತ್ತು. ಮುಂದೆ ಬಿದ್ದಿದ್ದ ಒಂದೊಂದು ಬೀಟ್‌ರೂಟೂ ಅವರು ಹೇಳದೆ ನುಂಗಿಕೊಂಡು ಹೋದ ಒಂದೊಂದು ದಿನ. ಗಿರಾಕಿಯ ಮನಸ್ಸಲ್ಲಿರೋದು ಗೊತ್ತಾಗುತ್ತಂತೆ. ಅವಳಿಗೆ ತನ್ನ ಕೈಗಳ ಮೇಲೆ ಅಸಹ್ಯ ಬಂತು.

“ನಡಿಯಮ್ಮ, ನಿಮ್ಮನೆಗೆ ಹೋಗೋಣ,” ಎಂದಳು.

ಗಂಡನಿಗೆ ಅಂಗಡಿ ನೋಡಿಕೋ ಎಂದೂ ಹೇಳಲಿಲ್ಲ. ಬೀಟ್‌ರೂಟುಗಳನ್ನು ಚೀಲಕ್ಕೆ ತುಂಬಿ ಬೀದಿ ದಾಟಿದಳು. ದೊಡ್ಡಕ್ಕ ಅದೇ ಕುರ್ಚಿಯಲ್ಲಿ ಕೂತು ಒಗೆದ ಬಟ್ಟೆ ಮಡಚುತ್ತಿದ್ದಳು. ಡಾಕ್ಟ್ರಕ್ಕ ಸ್ಟೂಲಿನ ಮೇಲೆ ಕೂರಲಿಲ್ಲ, ನಿಂತೇ ಹೇಳಿದಳು. ಅವರು ರಕ್ತದ ವಿಷಯ ಮೊದಲು ನನಗೆ ಹೇಳಿದ್ದರು, ನಗಬಾರದು ಎಂದು ಕೇಳಿಕೊಂಡಿದ್ದರು, ನಾನು ನಕ್ಕೆ. ಬೀಟ್‌ರೂಟಿನ ಬಣ್ಣ ಎಂದೆ. ಬಿಟ್ಟು ನೋಡಿ ಎನ್ನಬೇಕಿತ್ತು, ಡಾಕ್ಟರ ಹತ್ತಿರ ಹೋಗಿ ಎನ್ನಬೇಕಿತ್ತು, ಎನ್ನಲಿಲ್ಲ. ಸಂಜೆ ನಾಲ್ಕು ಜನರೆದುರು ಅದನ್ನೇ ಆಡಿ ನಗಿಸಿದೆ. ಅದಾದ ಮೇಲೆ ಅವರು ಯಾರಿಗೆ ಹೇಳಲಿ, ಹೇಗೆ ಹೇಳಲಿ. ಇವಳದೇನೂ ತಪ್ಪಿಲ್ಲ. ಹೋದ ವಾರ ಇಲ್ಲೇ ಕೂತು ಚಹಾ ಕುಡಿದಾಗಲೂ ಇದನ್ನು ಹೇಳದೆ ಎದ್ದುಹೋದೆ.

ದೊಡ್ಡಕ್ಕ ಮಡಚುತ್ತಿದ್ದ ಬಟ್ಟೆ ಕೆಳಗಿಟ್ಟಳು.

“ನೀನೇನು ಡಾಕ್ಟರೇನಮ್ಮಾ?” ಎಂದಳು.

ದನಿ ಎತ್ತರಿಸಿ ಕೇಳಿದ್ದಲ್ಲ. ಸುಮ್ಮನೆ ತಿಳಿದುಕೊಳ್ಳಲು ಕೇಳಿದಂತಿತ್ತು. ಅವಳಿಗೆ ಬೀದಿಯವರು ಇಟ್ಟ ಹೆಸರು ಗೊತ್ತಿರಲಿಲ್ಲ ಪಾಪ. ಡಾಕ್ಟ್ರಕ್ಕ ಅಲ್ಲ ಎಂದು ತಲೆಯಾಡಿಸಿದಳು. ಟೈಲರ ಹೆಂಡತಿ ಗೋಡೆಗೊರಗಿ ನಿಂತಿದ್ದಳು. ಬೈಯಲಿಲ್ಲ, ಅಳಲಿಲ್ಲ. ಹೋದ ವಾರ ನಾನು ನಿಮ್ಮ ಕೈ ಹಿಡಿದುಕೊಂಡಾಗ ಹೇಗೆ ಸುಮ್ಮನಿದ್ದಿರಿ ಎಂದು ಕೇಳಿದಳು.

ಪರದೆ ಸರಿಯಿತು. ಟೈಲರು ಗೋಡೆ ಹಿಡಿದುಕೊಂಡು ಬಂದು ನಿಂತಿದ್ದರು. ಅರ್ಧಕ್ಕರ್ಧ ಇಳಿದಿದ್ದರು. ಅಂಗಿಯ ಕೆಳಗೆ ಸೊಂಟದ ಪಕ್ಕ ಬೂದುಬಣ್ಣದ ಬಟ್ಟೆಯ ಪುಟ್ಟ ಕವಚವೊಂದು ಕಾಣುತ್ತಿತ್ತು. ಚೀಲ ಯಾರ ಕಣ್ಣಿಗೂ ಬೀಳದಿರಲೆಂದು ತಾವೇ ಕೂತು ಹೊಲಿದುಕೊಂಡದ್ದು, ಅಂಚಿಗೆ ಕೋಟಿಗೆ ಹಾಕುವಂಥ ಸಣ್ಣ ಹೊಲಿಗೆ. ಅವರು ಹೆಂಡತಿಯ ಕಡೆ ನೋಡಲಿಲ್ಲ, ದೊಡ್ಡಕ್ಕನ ಕಡೆಯೂ ನೋಡಲಿಲ್ಲ.

“ಮಾತು ಜೋಡಿಸ್ಕೊಂಡೇ ಬರ್ತಿದ್ದೆ, ಅಕ್ಕ,” ಎಂದು ಡಾಕ್ಟ್ರಕ್ಕನಿಗೆ ಹೇಳಿದರು. “ಬೀಟ್‌ರೂಟು ಬಿಟ್ಟೆ, ಆದ್ರೂ ನಿಂತಿಲ್ಲ ಅಂತ. ನಾಲ್ಕೇ ಮಾತು. ಬೀದಿ ದಾಟೋವರೆಗೂ ಬಾಯಲ್ಲಿರ್ತಿತ್ತು. ನೀವು ನನ್ನ ಕಂಡ ಕೂಡ್ಲೇ ತೂಗೋಕೆ ಶುರು ಮಾಡ್ತಿದ್ರಿ.”

ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಕಾಲಿಗೆ ಬೀಳಬಹುದಿತ್ತು, ಕ್ಷಮಿಸಿ ಎನ್ನಬಹುದಿತ್ತು. ಅವರು ಇದ್ದದ್ದನ್ನು ಇದ್ದ ಹಾಗೆ, ಅಳತೆಯ ಚೀಟಿ ತಿರುಗಿಸಿ ತೋರಿಸಿದ ಹಾಗೆ ತೋರಿಸಿದ್ದರು. ಡಾಕ್ಟ್ರಕ್ಕ ಚೀಲ ಎತ್ತಿಕೊಂಡು ಮನೆಗೆ ಬಂದಳು. ಬೀದಿಯಲ್ಲಿ ಯಾರೋ ಮಾತಾಡಿಸಿದರು, ಕೇಳಿಸಲಿಲ್ಲ.

ಅವತ್ತು ಸಂಜೆ ಅವಳು ಪಟ್ಟಿಯ ಮಡಿಕೆ ಬಿಚ್ಚಿ, ಒದ್ದೆ ಬಟ್ಟೆಯಿಂದ ಒತ್ತಿ ನೇರ ಮಾಡಿದಳು. ತಕ್ಕಡಿಯ ಕೊಕ್ಕೆಯನ್ನು ಅಷ್ಟು ದೂರಕ್ಕೆ ಸರಿಸಲು ಗಂಡನಿಗೆ ಹೇಳಿದಳು. ಅವನು ಯಾಕೆ ಎನ್ನದೆ ಏಣಿ ತಂದ. ಅವನಿಗೆ ಬೀದಿಯಿಂದ ಸುದ್ದಿ ತಲುಪಿತ್ತು. ಕೊಕ್ಕೆ ಬಡಿದು ಇಳಿದ ಮೇಲೆ ಅವಳ ತಲೆಯ ಮೇಲೆ ಒಂದು ಸಲ ಕೈಯಿಟ್ಟು ಒಳಗೆ ಹೋದ. ಮಾರನೆಯ ದಿನದಿಂದ ಬೀಟ್‌ರೂಟು ಕೊಂಡವರಿಗೆಲ್ಲ ಅವಳು ಆ ಕೆಳಗಿನ ಸಾಲುಗಳನ್ನು ಓದಿ ಹೇಳತೊಡಗಿದಳು. ಇದನ್ನು ತಿನ್ನಿ, ಒಳ್ಳೆಯದು. ಆದರೆ ಕೆಂಪು ಕಂಡರೆ ನನ್ನನ್ನು ಕೇಳಬೇಡಿ, ಆರೋಗ್ಯ ಕೇಂದ್ರಕ್ಕೆ ಹೋಗಿ. ಯಾಕೆ ಇದ್ದಕ್ಕಿದ್ದಂತೆ ಎಂದು ಕೇಳಿದವರಿಗೆ ಕಥೆ ಹೇಳಿದಳು. ನಕ್ಕು ನಗಿಸಿದ ಸಂಜೆ ಅಂಗಡಿಯಲ್ಲಿದ್ದವರೂ ಅದನ್ನು ಕೇಳಿದರು. ಕೇಳಿ, ತರಕಾರಿ ಆರಿಸುವ ನೆಪದಲ್ಲಿ ಬಗ್ಗಿಕೊಂಡರು. ಪ್ರತಿ ಸಲ ಹೇಳುವಾಗಲೂ ಅವಳ ಕಿವಿ ಬಿಸಿಯಾಗುತ್ತಿತ್ತು. ಹೇಳಿ ಹೇಳಿ ಹಗುರಾಗುತ್ತದೆ ಅನ್ನುತ್ತಾರಲ್ಲ, ಹಾಗೇನೂ ಆಗಲಿಲ್ಲ.

ದೊಡ್ಡಕ್ಕ ಊರಿಗೆ ಹೊರಡುವಾಗ ತಮ್ಮನ ಹೆಂಡತಿಯ ಕೈಗೆ ತನ್ನ ಶಾಲು ಕೊಟ್ಟು ಹೋದಳಂತೆ. ಟೈಲರ ಹೆಂಡತಿ ಈಗಲೂ ಇಲ್ಲಿಗೇ ಬರುತ್ತಾಳೆ. ಬೇಕಾದದ್ದು ಹೇಳುತ್ತಾಳೆ, ತೆಗೆದುಕೊಳ್ಳುತ್ತಾಳೆ, ಕೈ ಹಿಡಿಯುವುದಿಲ್ಲ. ಟೈಲರಿಗೆ ಔಷಧಿ ನಡೆಯುತ್ತಿದೆ. ಒಂದು ವರ್ಷ ಕಳೆಯಲಿ, ಆಮೇಲೆ ಹೇಳೋಣ ಎಂದಿದ್ದಾರೆ ಡಾಕ್ಟರು. ಮೈಗೆ ತ್ರಾಣವಿದ್ದ ದಿನ ಬಿರುಕು ಬಿಟ್ಟ ಗಾಜಿನ ಹಿಂದೆ ಮೆಷಿನ್ನಿನ ಸದ್ದು ಕೇಳುತ್ತದೆ. ಆರೋಗ್ಯ ಕೇಂದ್ರಕ್ಕೆ ಬರುವ ಬೇರೆ ಚೀಲದವರಿಗೂ ಕವಚ ಹೊಲಿದುಕೊಡುತ್ತಾರೆ. ಆ ಸದ್ದು ನಿಂತ ದಿನ ಡಾಕ್ಟ್ರಕ್ಕ ಹತ್ತು ಸಲ ಎದ್ದು ಎದುರಿಗೆ ನೋಡುತ್ತಾಳೆ.

ಮೊನ್ನೆ ಮಧ್ಯಾಹ್ನ ಮೆಷಿನ್ನು ಓಡುತ್ತಿತ್ತು. ಬೀದಿ ಖಾಲಿ. ಮೊದಲನೇ ಮೆಟ್ಟಿಲಲ್ಲಿ ಚಪ್ಪಲಿ ಸದ್ದಾಯಿತು, ಬೀಗ ರಿಪೇರಿಯವನದು. ಇಪ್ಪತ್ತೆಂಟು ವರ್ಷದ ಅಭ್ಯಾಸ, ಅವಳ ಕೈ ತಾನಾಗಿಯೇ ಎಲೆಕೋಸಿನ ಮೇಲೆ ಹೋಯಿತು. ಸದ್ದು ಎರಡನೇ ಮೆಟ್ಟಿಲಲ್ಲಿ ನಿಂತುಬಿಟ್ಟಿತು. ಅವಳು ತಲೆಯೆತ್ತಿದಳು. ಅವನು ಹಿಂದೆ ತಿರುಗಿ ಬೀದಿ ನೋಡುತ್ತಿದ್ದ.

ಅವಳು ಎಲೆಕೋಸು ಬಿಟ್ಟು, ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

“ಮೊದ್ಲು ಹೇಳಿ,” ಎಂದಳು. “ತೂಗೋದು ಆಮೇಲೆ.”